ಚೀಲದ ತೂಕ ಕಳೆದು

ಶೇಂಗಾ ಮೂಟೆ ತೂಕಕ್ಕೆ ಬಂದರೆ ನಮ್ಮಪ್ಪ ಮೊದಲು ಕೇಳುವ ಮಾತು, "ಚೀಲ ಎಷ್ಟು ಬರುತ್ತೆ?" ಚಿತ್ರದುರ್ಗದ ಎಪಿಎಂಸಿ ಯಾರ್ಡಿನಲ್ಲಿ ನಮ್ಮದೊಂದು ಸಣ್ಣ ಮಂಡಿ ಇದೆ. ಗೋಣಿಚೀಲ ಒಣಗಿದ್ದರೆ ಒಂದು ತೂಕ, ಒದ್ದೆಯಾಗಿದ್ದರೆ ಒಂದು ತೂಕ, ಪ್ಲಾಸ್ಟಿಕ್ ಚೀಲವಾದರೆ ಇನ್ನೊಂದು. ಅದನ್ನು ಕಳೆದ ಮೇಲೇ ಕಾಳಿನ ಲೆಕ್ಕ. ದುಡ್ಡು ಕಾಳಿಗೆ, ಚೀಲಕ್ಕಲ್ಲ. ಈ ಮಾತು ಕೇಳುತ್ತಲೇ ಬೆಳೆದ ನಾನು, ವಿಮಾನ ಹತ್ತಲು ಮೊದಲ ಬ್ಯಾಗ್ ಕೊಂಡಾಗ ಅದೇ ಪ್ರಶ್ನೆ ಕೇಳಲಿಲ್ಲ.

ಕೈಟ್‌ಸರ್ಫಿಂಗ್ ಅಂದರೆ ಏನು ಅಂತ ನಮ್ಮೂರಲ್ಲಿ ಹೇಳುವುದು ಸುಲಭ. ದೊಡ್ಡ ಗಾಳಿಪಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಿಗೆ ಹಲಗೆ ತೊಟ್ಟು, ನೀರಿನ ಮೇಲೆ ಜಾರುವುದು. ಅಷ್ಟು ಹೇಳಿದರೆ ಎಲ್ಲರಿಗೂ ಅರ್ಥ ಆಗುತ್ತದೆ. ಯಾಕೆಂದರೆ ಗಾಳಿ ನಮಗೆ ಹೊಸದಲ್ಲ. ಜೋಗಿಮಟ್ಟಿ ಕಡೆಯ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಲೇ ಇರುತ್ತವೆ. ಆಷಾಢದಲ್ಲಿ ಕೋಟೆ ಹತ್ತಿ ಮೇಲಿನ ಬತೇರಿಯಲ್ಲಿ ನಿಂತರೆ ಮಾತು ಬಾಯಿಂದ ಹೊರಬರುವ ಮೊದಲೇ ಹಾರಿಹೋಗುತ್ತದೆ. ಚಿಕ್ಕವರಿದ್ದಾಗ ಅದೇ ಗಾಳಿಗೆ ನಾವು ಪಟ ಬಿಡುತ್ತಿದ್ದೆವು. ದಾರ ಕೈ ಕುಯ್ಯುತ್ತಿತ್ತು. ಆ ಎಳೆತ ಇವತ್ತಿಗೂ ಅಂಗೈಯಲ್ಲಿದೆ. ಆದರೆ ನಮಗೆ ಸಮುದ್ರ ಇಲ್ಲ. ಅದಕ್ಕೇ ನಾನು ತಮಿಳುನಾಡಿನ ರಾಮೇಶ್ವರಕ್ಕೆ ಹೋಗಿ ಕಲಿತೆ. ಕಲಿತ ಮೇಲೆ ಸ್ವಂತ ಸಾಮಾನು ಒಂದೊಂದೇ ಕೂಡಿಟ್ಟೆ. ಆಮೇಲೆ ಶ್ರೀಲಂಕಾದ ಕಲ್ಪಿಟಿಯಕ್ಕೆ ಹೋಗುವ ಆಸೆ ಹುಟ್ಟಿತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ನೈಋತ್ಯದ ಗಾಳಿ ದಿನವೂ ಬೀಸುತ್ತದೆ. ನಮ್ಮ ಗುಡ್ಡದ ಮೇಲಿನ ಯಂತ್ರ ತಿರುಗಿಸುವ ಮುಂಗಾರು ಗಾಳಿಯೇ ಅದು.

ಮೊದಲ ಸಲ ಕೊಂಡ ಬ್ಯಾಗ್ ನೋಡಲು ಬಹಳ ಚೆನ್ನಾಗಿತ್ತು. ಒಂದೂವರೆ ಮೀಟರ್ ಉದ್ದ. ಕೆಳಗೆ ದಪ್ಪ ಚಕ್ರ, ಒಳಗೆ ಫೋಮ್, ಸುತ್ತಲೂ ಜೇಬು. ಅಂಗಡಿಯಲ್ಲಿ ಖಾಲಿ ಎತ್ತಿ ನೋಡಿದಾಗ ಗಟ್ಟಿಯಾಗಿದೆ ಅನ್ನಿಸಿತು. ಗಟ್ಟಿ ಅನ್ನಿಸಿದ್ದು ಅದರ ಭಾರ ಅಂತ ಹೊಳೆಯಲಿಲ್ಲ. ಟಿಕೆಟ್ಟಿನಲ್ಲಿ 23 ಕೆಜಿ ಅಂತ ಇತ್ತು. ಕೌಂಟರಿನಲ್ಲಿ ಕೆಂಪು ಅಂಕಿ 28.4 ಅಂತ ತೋರಿಸಿತು. ಹಿಂದೆ ಸಾಲು. ಅಲ್ಲೇ ನೆಲದ ಮೇಲೆ ಜಿಪ್ ಬಿಚ್ಚಿ ಎರಡು ಜೊತೆ ಬಟ್ಟೆ ಹೊರಗೆ ತೆಗೆದೆ. ಅದರಿಂದ ಏನೂ ಆಗಲಿಲ್ಲ, ಬಟ್ಟೆ ಎಷ್ಟು ತಾನೇ ತೂಗುತ್ತೆ? ಕೊನೆಗೆ ದುಡ್ಡು ಕಟ್ಟಿದೆ. ಆ ದುಡ್ಡಿನಲ್ಲಿ ಕಲ್ಪಿಟಿಯದಲ್ಲಿ ಮೂರು ದಿನ ಊಟ ವಸತಿ ಎರಡೂ ಆಗುತ್ತಿತ್ತು.

ವಾಪಸ್ ಬಂದ ಮಾರನೇ ದಿನ ಎಲ್ಲವನ್ನೂ ಮಂಡಿಗೆ ಹೊತ್ತುಕೊಂಡು ಹೋದೆ. ಸಂಜೆ ಹೊತ್ತು. ಹಮಾಲರು ಹೊರಟಿದ್ದರು. ಕಾಳು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಒಂದೊಂದೇ ಸಾಮಾನು ಇಟ್ಟೆ. ಅಪ್ಪ ಚೀಟಿ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಾ ಹೋದರು. 12 ಮೀಟರ್ ಕೈಟ್, ಅಂದರೆ 12 ಚದರ ಮೀಟರ್ ಅಳತೆಯದು, 3.8 ಕೆಜಿ. 9 ಮೀಟರಿನದು 3.1. ಕೈಯಲ್ಲಿ ಹಿಡಿಯುವ ಬಾರ್, ಅದಕ್ಕೆ ಸುತ್ತಿದ ನಾಲ್ಕು ದಾರ ಸೇರಿ 1.4. ಹಲಗೆ, ಕಾಲಿನ ಪಟ್ಟಿ ಮತ್ತು ಹಲಗೆಯಡಿಯ ಸಣ್ಣ ರೆಕ್ಕೆಗಳು, ಅಂದರೆ ಫಿನ್ ಸೇರಿ 4.3. ಸೊಂಟಕ್ಕೆ ಕಟ್ಟುವ ಹಾರ್ನೆಸ್ 2.6. ಕೈಟ್‌ಗೆ ಗಾಳಿ ತುಂಬುವ ಪಂಪ್ 1.7. ನೀರಿಗಿಳಿಯುವಾಗ ಮೈಗೆ ತೊಡುವ ತೆಳು ವೆಟ್‌ಸೂಟ್ 0.8, ಹೆಲ್ಮೆಟ್ 0.4, ಎದೆಗೆ ಹಾಕುವ ಜಾಕೆಟ್ 0.9. ಒಟ್ಟು ಸರಿಯಾಗಿ 19 ಕೆಜಿ.

"ಹತ್ತೊಂಬತ್ತೇ ಅಲ್ವಾ?" ಅಂದರು ಅಪ್ಪ. "ಮತ್ತೆ ಇಪ್ಪತ್ತೆಂಟು ಹೆಂಗಾಯ್ತು?"

ಖಾಲಿ ಬ್ಯಾಗ್ ಇಟ್ಟೆ. 5.2. ಕೈಟ್‌ಗಳ ಜೊತೆ ಕಂಪನಿಯವರು ಕೊಟ್ಟ ಬೆನ್ನುಚೀಲ ಎರಡಿದ್ದವು, ಒಂದೊಂದು 0.9. ಬಟ್ಟೆಬರೆ 2.4. ಲೆಕ್ಕ ಕೂಡಿತು. ಒಟ್ಟು 28.4ರಲ್ಲಿ ಏಳು ಕೆಜಿ ಬರೀ ಚೀಲ. ಅಪ್ಪ ಏನೂ ಅನ್ನಲಿಲ್ಲ. 5.2 ಅನ್ನುವುದರ ಕೆಳಗೆ ಒಂದು ಗೆರೆ ಎಳೆದು ಚೀಟಿ ಹರಿದು ನನ್ನ ಕೈಗೆ ಕೊಟ್ಟರು. ಆ ಚೀಟಿ ಈಗಲೂ ನನ್ನ ಪಾಸ್‌ಪೋರ್ಟ್ ಕವರಿನಲ್ಲಿದೆ.

ಆಮೇಲೆ ಎರಡು ವರ್ಷ ನಾನು ಬ್ಯಾಗುಗಳ ಬಗ್ಗೆಯೇ ಯೋಚನೆ ಮಾಡಿದ್ದೇನೆ ಅಂದರೆ ತಪ್ಪಲ್ಲ. ಸುಮ್ನೆ ಅಲ್ಲ. ವರ್ಷಕ್ಕೆ ಒಂದೇ ಸಲ ಸಮುದ್ರಕ್ಕೆ ಹೋಗಲು ಆಗುವುದು. ಆ ಒಂದು ವಾರ ಕೆಡಬಾರದು.

ಅಳತೆಯ ವಿಷಯ ಮೊದಲು ತಿಳಿದಿರಬೇಕು. ಬಹಳಷ್ಟು ವಿಮಾನ ಕಂಪನಿಗಳು ಮಾಮೂಲಿ ಲಗೇಜಿಗೆ 158 ಸೆಂಟಿಮೀಟರ್ ಮಿತಿ ಇಡುತ್ತವೆ. ಅದು ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿಸಿದ ಲೆಕ್ಕ. ಕೈಟ್ ಹಲಗೆ ನನ್ನದು 138 ಸೆಂಟಿಮೀಟರ್ ಉದ್ದ, 41 ಅಗಲ. ಹಲಗೆ ಒಂದೇ ಮಿತಿ ದಾಟಿತು. ಬ್ಯಾಗಿನಲ್ಲಿ ಹಾಕಿ, ಕೈಟ್ ಸೇರಿಸಿದರೆ 210 ಮೇಲೆಯೇ. ಅಂದರೆ ಏನೇ ಮಾಡಿದರೂ ಉದ್ದದ ಬ್ಯಾಗ್ ಕೌಂಟರಿನಲ್ಲಿ ಪ್ರಶ್ನೆಗೆ ಗುರಿಯಾಗುತ್ತದೆ. ಅದನ್ನು ಕ್ರೀಡಾ ಸಾಮಾನು ಅಂತ ಮೊದಲೇ ಹೇಳಿ ಬುಕ್ ಮಾಡಬೇಕು. ತೂಕಕ್ಕೆ ಇನ್ನೊಂದು ಗೋಡೆ ಇದೆ. ಹೆಚ್ಚು ದುಡ್ಡು ಕಟ್ಟುತ್ತೇನೆ ಅಂದರೂ ಸಾಮಾನ್ಯವಾಗಿ ಒಂದು ಬ್ಯಾಗ್ 32 ಕೆಜಿ ಮೀರುವಂತಿಲ್ಲ. ಅದನ್ನು ಎತ್ತುವುದು ಮನುಷ್ಯರು, ಅವರ ಬೆನ್ನು ಉಳಿಯಬೇಕು. ಮಂಡಿಯಲ್ಲಿ ಹಮಾಲರ ಬೆನ್ನು ನೋಡಿ ಬೆಳೆದವರಿಗೆ ಈ ನಿಯಮ ಯಾಕೆ ಅಂತ ಹೇಳಿಕೊಡಬೇಕಿಲ್ಲ.

ಗಾಲ್ಫ್ ಬ್ಯಾಗಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ವಿಮಾನ ಕಂಪನಿಗಳು ಗಾಲ್ಫ್ ಕೋಲುಗಳನ್ನು ಮಾಮೂಲಿ ಲಗೇಜಿನ ಲೆಕ್ಕದಲ್ಲೇ ತೆಗೆದುಕೊಳ್ಳುತ್ತವೆ. ಹಲಗೆಗಳಿಗೆ ಮಾತ್ರ ಬೇರೆ ದುಡ್ಡು. ಅದಕ್ಕೇ ಕೈಟ್ ಸಾಮಾನು ಮಾಡುವ ಕಂಪನಿಗಳೇ ಗಾಲ್ಫ್ ಬ್ಯಾಗಿನ ಆಕಾರದಲ್ಲಿ ಚೀಲ ಹೊಲಿಸುತ್ತವೆ. ಕೆಲವದರ ಮೇಲೆ ಗಾಲ್ಫ್ ಅಂತ ಅಕ್ಷರವೇ ಇರುತ್ತದೆ. ಕೈಟ್ ಆಡುವವರಲ್ಲಿ ಇದು ಎಲ್ಲರಿಗೂ ಗೊತ್ತಿರುವ ಉಪಾಯ. ಬ್ಯಾಗ್ ಚೆನ್ನಾಗಿಯೂ ಇರುತ್ತದೆ, ಸಪೂರ, ಹಿಡಿಯಲು ಸಲೀಸು. ನನ್ನ ಜೊತೆ ಕಲಿತ ಒಬ್ಬರು ಅದನ್ನೇ ಕೊಳ್ಳಲು ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ. ಒಳಗೆ ಏನಿದೆ ಅಂತ ಕೇಳಿದಾಗ ಕೈಟ್ ಅನ್ನಬೇಕು, ಅಷ್ಟೆ. ಮೂಟೆಯ ಮೇಲೆ ಒಂದು ಗುರುತು, ಒಳಗೆ ಇನ್ನೊಂದು ಮಾಲು ಇರುವುದನ್ನು ಯಾರ್ಡಿನಲ್ಲಿ ಯಾರೂ ಮರೆಯುವುದಿಲ್ಲ. ಇನ್ನೊಂದು ಮಾತು. ಬ್ಯಾಗ್ ಕಳೆದುಹೋದರೆ ದೂರಿನಲ್ಲಿ ಏನು ಬರೆಯುತ್ತೀರಿ? ಗಾಲ್ಫ್ ಅಂತ ಒಪ್ಪಿಸಿ ಕೈಟ್ ಕಳೆಯಿತು ಅಂತ ಹೇಳಲು ಬರುವುದಿಲ್ಲ ಅಲ್ವಾ?

ಎರಡು ತುಂಡಾಗುವ ಹಲಗೆ ಇನ್ನೊಂದು ದಾರಿ. ಪೋಲೆಂಡಿನ ನೊಬೈಲ್ ಕಂಪನಿಯದು ಇದರಲ್ಲಿ ಹೆಸರಾದದ್ದು. ಹಲಗೆ ನಡುವೆ ಬಿಚ್ಚಿ, ಒಂದರ ಮೇಲೊಂದು ಇಟ್ಟು, ಮಾಮೂಲಿ ಸೂಟ್‌ಕೇಸಿನಂಥ ಬ್ಯಾಗಿನಲ್ಲಿ ಒಯ್ಯಬಹುದು. ಉದ್ದದ ತಲೆನೋವೇ ಇಲ್ಲ. ರೈಲು, ಆಟೋ, ಹೋಟೆಲ್ ರೂಮು ಎಲ್ಲಕ್ಕೂ ಹೊಂದುತ್ತದೆ. ಒಂದು ಸಲ ರಾಮೇಶ್ವರದಲ್ಲಿ ಬೇರೆಯವರದ್ದನ್ನು ತೊಟ್ಟು ನೋಡಿದೆ. ನೀರಿನ ಮೇಲೆ ವ್ಯತ್ಯಾಸ ನನಗೆ ಅಷ್ಟಾಗಿ ಗೊತ್ತಾಗಲಿಲ್ಲ. ಆದರೆ ಬೆಲೆ ಜಾಸ್ತಿ. ಇರುವ ಹಲಗೆ ಚೆನ್ನಾಗಿರುವಾಗ ಬ್ಯಾಗಿಗೋಸ್ಕರ ಹಲಗೆ ಬದಲಿಸುವುದು ನನ್ನ ಕೈಗೆಟುಕುವ ಮಾತಲ್ಲ. ಹೊಸದಾಗಿ ಕೊಳ್ಳುವವರು, ಆಗಾಗ ಹಾರುವವರು ಖಂಡಿತ ಯೋಚಿಸಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಇನ್ನೂ ಸರಳ. ಹಲಗೆ ಅಲ್ಲೇ ಬಾಡಿಗೆಗೆ ತಗೊಳ್ಳಿ. ಕೈಟ್ ಎರಡು, ಬಾರ್, ಹಾರ್ನೆಸ್, ಇಷ್ಟು ಕೂಡಿದರೆ ಸುಮಾರು 11 ಕೆಜಿ. ಯಾವ ದೊಡ್ಡ ಬೆನ್ನುಚೀಲದಲ್ಲಾದರೂ ಹಿಡಿಯುತ್ತದೆ. ಯಾರೂ ಏನೂ ಕೇಳುವುದಿಲ್ಲ. ಹಾರ್ನೆಸ್ ಮಾತ್ರ ಎಂದೂ ಬಿಟ್ಟು ಹೋಗಬೇಡಿ. ಅದು ಚಪ್ಪಲಿ ಇದ್ದಂತೆ, ನಮ್ಮ ಮೈಗೆ ಹೊಂದಿರುತ್ತದೆ. ಬಾಡಿಗೆ ಹಾರ್ನೆಸ್ ಪಕ್ಕೆಲುಬಿಗೆ ಏರಿ ಎರಡನೇ ದಿನಕ್ಕೇ ಚರ್ಮ ಕಿತ್ತಿದ್ದನ್ನು ನಾನು ಅನುಭವಿಸಿದ್ದೇನೆ. ಕೈಟ್ ಕೂಡ ನಮ್ಮದೇ ಇದ್ದರೆ ಒಳ್ಳೆಯದು. ಅದರ ಎಳೆತ ನಮ್ಮ ಕೈಗೆ ಗೊತ್ತಿರುತ್ತದೆ. ಬಾಡಿಗೆಯದ್ದರ ದಾರ ಎಷ್ಟು ಸವೆದಿದೆ ಅಂತ ನಮಗೆ ಹೇಗೆ ಗೊತ್ತಾಗಬೇಕು?

ನನಗೆ ನನ್ನ ಹಲಗೆಯೂ ಬೇಕಿತ್ತು. ಹಾಗಾಗಿ ನಾನು ಕೊನೆಗೆ ಬ್ಯಾಗ್ ಹೊಲಿಸಿದೆ.

ನಮ್ಮೂರು ಹೆದ್ದಾರಿ ಊರು. ಲಾರಿ ಬಾಡಿ ಕಟ್ಟುವವರು, ತಾಡಪಾಲು ಹೊಲಿಯುವವರು ರಸ್ತೆಯ ಬದಿಯಲ್ಲೇ ಸಿಗುತ್ತಾರೆ. ತಾಡಪಾಲಿನ ಒಬ್ಬ ಹಿರಿಯರ ಬಳಿ ಹಳೇ ಬ್ಯಾಗ್ ಒಯ್ದು ತೋರಿಸಿದೆ. ಅವರು ಅದನ್ನು ಎತ್ತಲಿಲ್ಲ. ಹಿಡಿಕೆ ಹಿಡಿದು ಜಗ್ಗಿದರು. ಹೊಲಿಗೆ ಬಾಯಿ ಬಿಟ್ಟ ಜಾಗ ಬೆರಳಲ್ಲಿ ಸವರಿದರು. "ನೋಡಿ, ಭಾರ ಬಟ್ಟೆ ಮೇಲೆ ಬಿಟ್ಟಿದ್ದಾರೆ," ಅಂದರು. ಹಿಡಿಕೆಯನ್ನು ಬ್ಯಾಗಿನ ಪಕ್ಕಕ್ಕೆ ಅಂಟಿಸಿದಂತೆ ಹೊಲಿದಿದ್ದರು. ಎತ್ತಿದಾಗಲೆಲ್ಲ ಅಷ್ಟೂ ಭಾರ ನಾಲ್ಕು ಬೆರಳಗಲದ ಹೊಲಿಗೆಯ ಮೇಲೆ. ಅವರು ಮಾಡಿದ್ದು ಬೇರೆ. ಎರಡು ಇಂಚಿನ ನೈಲಾನ್ ಪಟ್ಟಿಯನ್ನು ಹೊಟ್ಟೆಯ ಕೆಳಗಿನಿಂದ ಇಡೀ ಸುತ್ತು ತಂದು, ಮೇಲೆ ಅದನ್ನೇ ಹಿಡಿಕೆ ಮಾಡಿದರು. ಹೀಗೆ ಎರಡು ಸುತ್ತು. ಈಗ ಬ್ಯಾಗ್ ಪಟ್ಟಿಯ ಮೇಲೆ ಕೂತಿದೆ, ತೊಟ್ಟಿಲು ಹಗ್ಗದ ಮೇಲೆ ಕೂತಂತೆ. ಪಟ್ಟಿ ಬಟ್ಟೆಗೆ ಸೇರುವ ಕಡೆ ಚೌಕದ ಹೊಲಿಗೆ, ಅದರೊಳಗೆ ಅಡ್ಡಡ್ಡ ಗುಣಿಸು ಚಿಹ್ನೆ. ಅದೊಂದೊಂದು ಚೌಕಕ್ಕೂ ಅವರು ಮೂರು ಸಲ ಮಿಷನ್ ಓಡಿಸಿದರು. ನಾನು ಪಕ್ಕದಲ್ಲೇ ಕೂತು ನೋಡಿದೆ. ಸೂಜಿ ದಪ್ಪ ಪಟ್ಟಿಗೆ ಇಳಿಯುವ ಸದ್ದು ಬೇರೆಯೇ.

ಬಟ್ಟೆ ಆರಿಸಲು ದಾವಣಗೆರೆಗೆ ಹೋಗಿದ್ದೆ. ಅಲ್ಲಿ ನಮ್ಮ ದೊಡ್ಡಪ್ಪ ಹತ್ತಿ ಗಿರಣಿಯಲ್ಲಿ ದುಡಿದವರು. 600 ಡೀನಿಯರ್ ಪಾಲಿಯೆಸ್ಟರ್ ಸಾಕಾ, 1000 ಬೇಕಾ ಅಂತ ಕೇಳಿದೆ. ಅವರು ಕೌಂಟಿನ ಲೆಕ್ಕದವರು. ಹತ್ತಿ ನೂಲಿನಲ್ಲಿ ಕೌಂಟ್ ಏರಿದಷ್ಟೂ ನೂಲು ಸಣ್ಣ. ಡೀನಿಯರ್ ತಿರುಗಾಮುರುಗಾ, ಅಂಕಿ ಏರಿದಷ್ಟೂ ನೂಲು ದಪ್ಪ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದೇ ಡೀನಿಯರ್. "ಅಂದ್ರೆ ಅಂಕಿಯಲ್ಲೇ ತೂಕ ಐತಲ್ಲ!" ಅಂದರು ದೊಡ್ಡಪ್ಪ. ಬೆಣ್ಣೆ ದೋಸೆ ತಿನ್ನುತ್ತಾ ನಾವಿಬ್ಬರೂ ತೀರ್ಮಾನ ಮಾಡಿದೆವು. ಮೈಗೆಲ್ಲ 600. ನೆಲಕ್ಕೆ ಉಜ್ಜುವ ಎರಡು ತುದಿಗೆ ಮಾತ್ರ 1000. ಇಡೀ ಬ್ಯಾಗನ್ನು ದಪ್ಪ ಬಟ್ಟೆಯಲ್ಲಿ ಹೊಲಿಸಿದರೆ ಮತ್ತೆ ಅದೇ 5 ಕೆಜಿ ಆಗುತ್ತಿತ್ತು.

ಜಿಪ್ ವಿಷಯದಲ್ಲಿ ಮಾತ್ರ ಕಂಜೂಸಿ ಮಾಡಲಿಲ್ಲ. ಉಪ್ಪು ನೀರು ಲೋಹದ ಜಿಪ್ಪನ್ನು ತಿಂದುಹಾಕುತ್ತದೆ. ಮರಳು ಹಲ್ಲಿನ ಮಧ್ಯೆ ಕೂತರೆ ತಲೆ ಅಲ್ಲಾಡುವುದಿಲ್ಲ. ದೊಡ್ಡ ಸುರುಳಿಯ ನೈಲಾನ್ ಜಿಪ್, 10ನೇ ನಂಬರ್, ಎರಡು ತಲೆ ಇರುವುದು ಹಾಕಿಸಿದೆ. ಒಂದು ತಲೆ ಕೆಟ್ಟರೆ ಇನ್ನೊಂದು ಇರುತ್ತದೆ. ವಾಪಸ್ ಬಂದ ಮೇಲೆ ಸಿಹಿ ನೀರಲ್ಲಿ ತೊಳೆದು, ಒಣಗಿಸಿ, ಮೇಣದ ಬತ್ತಿ ಉಜ್ಜಿಡುತ್ತೇನೆ.

ಚಕ್ರ ಹಾಕಿಸಲಿಲ್ಲ. ಇದರ ಬಗ್ಗೆ ಬಹಳ ಯೋಚಿಸಿದೆ. ಚಕ್ರ, ಅದರ ಚೌಕಟ್ಟು, ತಳದ ಪ್ಲಾಸ್ಟಿಕ್ ಸೇರಿ ಒಂದು ಕೆಜಿಗೂ ಮೇಲೆ ತಿನ್ನುತ್ತವೆ. ನನ್ನ ಬ್ಯಾಗಿನ ಪ್ರಯಾಣ ವಿಮಾನ ನಿಲ್ದಾಣದಲ್ಲಿ ಶುರುವಾಗುವುದಿಲ್ಲ. ಮನೆಯಿಂದ ಆಟೋ. ಆಟೋದಲ್ಲಿ ಅದು ಅಡ್ಡಡ್ಡ, ಎರಡೂ ಕಡೆ ಹೊರಗೆ. ಆಮೇಲೆ ಬಸ್ಸು, ಇನ್ನೂರು ಕಿಲೋಮೀಟರ್. ಮೆಜೆಸ್ಟಿಕ್‌ನಲ್ಲಿ ಮೆಟ್ಟಿಲು. ಅಲ್ಲಿಂದ ಏರ್‌ಪೋರ್ಟ್ ಬಸ್ಸು. ಇಷ್ಟೂ ದಾರಿಯಲ್ಲಿ ಚಕ್ರ ಉರುಳುವ ಜಾಗ ಎಲ್ಲಿದೆ? ನಯವಾದ ನೆಲ ಸಿಗುವುದು ನಿಲ್ದಾಣದ ಒಳಗೆ, ಅಲ್ಲಿ ತಳ್ಳುಗಾಡಿ ಇದ್ದೇ ಇರುತ್ತದೆ. ಅದಕ್ಕೆ ಚಕ್ರದ ಬದಲು ಅಗಲವಾದ ಭುಜದ ಪಟ್ಟಿ. ಬೆನ್ನು ನೋವಿರುವವರಿಗೆ, ಮನೆ ಬಾಗಿಲಿಗೇ ಕಾರು ಬರುವವರಿಗೆ ಚಕ್ರವೇ ಸರಿ. ಅವರವರ ದಾರಿ ನೋಡಿ ಆರಿಸಬೇಕು.

ಹಾಗೆ ನೋಡಿದರೆ ಬಸ್ಸೇ ವಾಸಿ. ಕೆಎಸ್‌ಆರ್‌ಟಿಸಿಯಲ್ಲಿ ಒಬ್ಬರಿಗೆ 30 ಕೆಜಿವರೆಗೆ ಉಚಿತ. ಡಿಕ್ಕಿಯ ಬಾಗಿಲು ಎತ್ತಿ ಬ್ಯಾಗ್ ಒಳಗೆ ತಳ್ಳುವಾಗ ಕಂಡಕ್ಟರ್ ಕೇಳಿದರು, "ಏನ್ರೀ ಇದು, ಇಷ್ಟುದ್ದ?" "ಗಾಳಿಪಟ," ಅಂದೆ. "ಓ, ಆಷಾಢ ಬಂತಲ್ಲ," ಅಂದು ಬಾಗಿಲು ಹಾಕಿದರು. ಅವರಿಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ನನಗೆ ಅದು ತುಂಬಾ ಖುಷಿ ಕೊಟ್ಟಿತು.

ಹೊಸ ಬ್ಯಾಗ್ ತಕ್ಕಡಿಯಲ್ಲಿ 2.6 ಬಂತು. ಹಳೆಯದರ ಅರ್ಧ. ಕೈಟ್‌ಗಳ ಬೆನ್ನುಚೀಲ ಮನೆಯಲ್ಲೇ ಬಿಟ್ಟೆ. ಆಮೇಲೆ ಗಾಳಿಯ ಲೆಕ್ಕ ಹಾಕಿದೆ. ಜುಲೈನಲ್ಲಿ ಕಲ್ಪಿಟಿಯದ ಗಾಳಿ 20 ನಾಟ್ ದಾಟುವುದು ಮಾಮೂಲು, ಅಂದರೆ ಗಂಟೆಗೆ 37 ಕಿಲೋಮೀಟರ್. ನನ್ನ ತೂಕಕ್ಕೆ ಆ ಗಾಳಿಗೆ 12 ಮೀಟರ್ ಕೈಟ್ ದೊಡ್ಡದು. ಮೊದಲ ಸಲ ಅದನ್ನು ಒಯ್ದು ಒಂದೇ ಒಂದು ದಿನ ಬಿಚ್ಚಿದ್ದೆ. ಎರಡನೇ ಸಲ 9 ಮತ್ತು 7. 7 ಮೀಟರಿನದು 2.6 ಕೆಜಿ. ಪಂಪ್ ಅಲ್ಲಿಯ ಕೈಟ್ ಕಲಿಸುವ ಶಾಲೆಯಲ್ಲೇ ಸಿಗುತ್ತದೆ ಅಂತ ಬರೆದು ಕೇಳಿ ತಿಳಿದುಕೊಂಡೆ, ಅದೂ ಮನೆಯಲ್ಲೇ ಉಳಿಯಿತು. ಸಾಮಾನು 16.1, ಬ್ಯಾಗ್ 2.6, ಒಟ್ಟು 18.7. ಬಟ್ಟೆ ಹಾಕಿದ ಮೇಲೂ ಮನೆಯವರಿಗೆ ಏನಾದರೂ ತರಲು ಜಾಗ ಉಳಿಯಿತು. ಗಾಳಿ ಬಂದಾಗ ತೂರಿಕೋ ಅನ್ನುತ್ತಾರೆ ನಮ್ಮ ಕಡೆ. ತೂರುವವರು ಗಾಳಿಯ ಬಿರುಸು ನೋಡಿ ಮೊರ ಎಷ್ಟು ಎತ್ತರಕ್ಕೆ ಹಿಡಿಯಬೇಕು ಅಂತ ತೀರ್ಮಾನಿಸುತ್ತಾರೆ. ಕೈಟ್ ಆರಿಸುವುದೂ ಹಾಗೇ.

ಕಟ್ಟುವ ಕ್ರಮ ನಾನು ಕಲಿತದ್ದು ನಷ್ಟದಿಂದ. ಮೊದಲ ಸಲ ಫಿನ್ ಬಿಚ್ಚದೆ ಹಾಕಿದ್ದೆ. ವಾಪಸ್ ಬಂದಾಗ ಒಂದು ಫಿನ್ ಮುರಿದು, ಹಲಗೆಯ ಅಂಚಿನಲ್ಲಿ ಉಗುರಗಲ ಚಕ್ಕೆ ಎದ್ದಿತ್ತು. ಈಗ ನಾಲ್ಕೂ ಫಿನ್ ಬಿಚ್ಚಿ ಕಾಲುಚೀಲಕ್ಕೆ ಹಾಕುತ್ತೇನೆ. ಎಂಟು ಸ್ಕ್ರೂ ಒಂದು ಸಣ್ಣ ಡಬ್ಬಿಯಲ್ಲಿ, ಆ ಡಬ್ಬಿ ಹಾರ್ನೆಸ್ಸಿನ ಜೇಬಿನಲ್ಲಿ. ನನ್ನವು ಎಂ6 ಅಳತೆಯವು. ಊರಿನ ಹಾರ್ಡ್‌ವೇರ್ ಅಂಗಡಿಯಿಂದ ತುಕ್ಕು ಹಿಡಿಯದ ನಾಲ್ಕು ಜಾಸ್ತಿ ತೆಗೆದುಕೊಂಡಿದ್ದೇನೆ. ಸಮುದ್ರದ ದಂಡೆಯಲ್ಲಿ ಎರಡು ರೂಪಾಯಿಯ ಸ್ಕ್ರೂ ಇಲ್ಲದೆ ಒಳ್ಳೆಯ ಗಾಳಿಯನ್ನು ಕೂತು ನೋಡುವ ಸಂಕಟ ಯಾರಿಗೂ ಬೇಡ.

ಹಲಗೆ ತಳಕ್ಕೆ, ಕಾಲಿನ ಪಟ್ಟಿ ಮೇಲ್ಮುಖ. ಎರಡು ಕೈಟ್ ಎರಡು ಬದಿಗೆ. ಅಂಚಿಗೆ ಅದಕ್ಕಿಂತ ಒಳ್ಳೆಯ ಮೆತ್ತೆ ಇಲ್ಲ. ಹಲಗೆಯ ಎರಡು ಮೂತಿಗೆ ವೆಟ್‌ಸೂಟಿನ ಕಾಲು ಸುತ್ತುತ್ತೇನೆ, ಪೆಟ್ಟು ಬೀಳುವುದು ಅಲ್ಲೇ ಜಾಸ್ತಿ. ಅಪ್ಪ ಚಳ್ಳಕೆರೆ ಕಂಬಳಿಯ ಹಳೇ ತುಂಡು ಕೊಡಲು ಬಂದರು. ತೂಕ ನೋಡಿ ಅವರೇ ವಾಪಸ್ ಇಟ್ಟರು. ಕೈಟ್ ಸುತ್ತುವಾಗ ಗಾಳಿ ತುಂಬುವ ಬಾಯಿಗಳನ್ನು ತೆರೆದೇ ಇಡಬೇಕು. ವಿಮಾನದ ಕೆಳಗಿನ ಗೂಡಿನಲ್ಲೂ ಕ್ಯಾಬಿನ್ನಿನ ಒತ್ತಡವೇ ಇರುತ್ತದೆ. ಆದರೆ ಅದು ಸಮುದ್ರ ಮಟ್ಟದ ಒತ್ತಡದ ಮುಕ್ಕಾಲು ಭಾಗಕ್ಕೆ ಇಳಿಯಬಹುದು. ಒಳಗೆ ಉಳಿದ ಗಾಳಿ ಉಬ್ಬಿ ಸುಮ್ನೆ ಯಾಕೆ ಹೊಲಿಗೆ ಜಗ್ಗಬೇಕು?

ವಾಪಸ್ ಬರುವ ಹಿಂದಿನ ದಿನ ನೀರಿಗೆ ಇಳಿಯುವ ಆಸೆಗೆ ಕಡಿವಾಣ ಹಾಕಬೇಕು. ಕೊನೆಯ ಸಂಜೆ ಆಡಿ, ಒದ್ದೆ ಕೈಟ್ ಹಾಗೇ ಸುತ್ತಿದರೆ ತೂಕ ಏರುತ್ತದೆ, ಮನೆ ಸೇರುವಷ್ಟರಲ್ಲಿ ಬೂಸಲು ವಾಸನೆ. ಒದ್ದೆ ಗೋಣಿಚೀಲದ ಪಾಠವೇ ಇದು. ನಾನು ಈಗ ಕೊನೆಯ ದಿನ ಬೆಳಿಗ್ಗೆ ಮಾತ್ರ ಆಡುತ್ತೇನೆ. ಮಧ್ಯಾಹ್ನ ತೆಂಗಿನ ಮರದ ನೆರಳಲ್ಲಿ ಎಲ್ಲ ಹರಡಿ ಮರಳು ಕೊಡವುತ್ತೇನೆ. ಮರಳಿಗೂ ತೂಕ ಇದೆ.

ಕೈಗೆ ಸಿಗುವಂತೆ ಇಡಬಾರದ್ದು, ಇಡಬೇಕಾದ್ದು ಎರಡೂ ಇವೆ. ಹಾರ್ನೆಸ್ಸಿನಲ್ಲಿ ದಾರ ಕತ್ತರಿಸುವ ಸಣ್ಣ ಕೊಕ್ಕೆ ಚಾಕು ಇರುತ್ತದೆ. ಅದು ಮರೆತು ಕೈಚೀಲಕ್ಕೆ ಹೋದರೆ ಭದ್ರತಾ ತಪಾಸಣೆಯಲ್ಲಿ ಉಳಿಯುತ್ತದೆ. ಪವರ್ ಬ್ಯಾಂಕ್ ಇದಕ್ಕೆ ಉಲ್ಟಾ, ಕೈಚೀಲದಲ್ಲೇ ಇರಬೇಕು, ಕೆಳಗೆ ಕಳಿಸುವಂತಿಲ್ಲ. ಹರಿದದ್ದು ಅಂಟಿಸುವ ಬೆಂಕಿ ಹಿಡಿಯುವಂಥ ಗೋಂದು ಎರಡರಲ್ಲೂ ಬೇಡ. ಅಂಟು ಪಟ್ಟಿ ಸಾಕು.

ಇನ್ನು ಕಾಗದ ಪತ್ರ. ಬೆಲೆಬಾಳುವ ಸಾಮಾನು ಹೊರಗೆ ಒಯ್ಯುವಾಗ ಹೊರಡುವ ನಿಲ್ದಾಣದ ಕಸ್ಟಮ್ಸ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಬಹುದು. ವಾಪಸ್ ಬರುವಾಗ ಇದನ್ನು ಅಲ್ಲೇ ಕೊಂಡಿರಾ ಅಂತ ಕೇಳಿದರೆ ತೋರಿಸಲು ಅದು. ಕೈಟ್ ಮೇಲಿನ ನಂಬರು, ರಸೀದಿಯ ಫೋಟೋ ಫೋನಿನಲ್ಲಿರಲಿ. ಬ್ಯಾಗ್ ಬಂದ ತಕ್ಷಣ ಅಲ್ಲೇ ಬಿಚ್ಚಿ ನೋಡಿ. ನಾನು ಮೊದಲ ಸಲ ಹಾಗೆ ಮಾಡಲಿಲ್ಲ. ರಾತ್ರಿ ವಿಮಾನ, ಬಸ್ಸು ಹಿಡಿಯುವ ಅವಸರ. ಒಡೆದ ಅಂಚು ಕಂಡದ್ದು ಚಿತ್ರದುರ್ಗದ ಮನೆಯಲ್ಲಿ. ಮುರಿದ ಸಾಮಾನಿಗೆ ಬ್ಯಾಗ್ ಕೈಸೇರಿದ ಏಳು ದಿನದೊಳಗೆ ಲಿಖಿತ ದೂರು ಕೊಡಬೇಕು ಅಂತ 1999ರ ಮಾಂಟ್ರಿಯಲ್ ಒಪ್ಪಂದ ಹೇಳುತ್ತದೆ. ತಡವಾಗಿ ಬಂದ ಬ್ಯಾಗಿಗೆ 21 ದಿನ. ಭಾರತವೂ 2009ರಲ್ಲಿ ಆ ಒಪ್ಪಂದಕ್ಕೆ ಸೇರಿದೆ. ಪರಿಹಾರದ ಮಿತಿ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್. 2024ರ ಡಿಸೆಂಬರ್ 28ಕ್ಕಿಂತ ಮೊದಲು ಅದು 1,288 ಇತ್ತು. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ನನಗೆ ಇದೆಲ್ಲ ತಿಳಿದದ್ದು ಹತ್ತನೇ ದಿನ. ದೂರು ಬರೆಯುವ ಹೊತ್ತು ಮುಗಿದಿತ್ತು. ಅಂಚನ್ನು ರಾಳ ತುಂಬಿ ನಾನೇ ಸರಿಮಾಡಿದೆ. ಆ ಕಲೆ ಹಲಗೆಯ ಮೇಲೆ ಇನ್ನೂ ಇದೆ.

ಎರಡನೇ ಸಲ ಹೊರಡುವ ಹಿಂದಿನ ರಾತ್ರಿ ಬ್ಯಾಗ್ ಮಂಡಿಯಲ್ಲೇ ಇತ್ತು, ಕೊನೇ ಸಲ ತೂಗಿ ನೋಡಲು. ಅಪ್ಪ ಒಳಗಿನಿಂದ ಕೆಂಪು ಬಣ್ಣದ ಡಬ್ಬಿ, ತಗಡಿನ ಅಚ್ಚು ತಂದರು. ನಮ್ಮ ಮೂಟೆಗಳಿಗೆ ಹಾಕುವ ಗುರುತು ಅದು, ಅಜ್ಜನ ಕಾಲದ್ದು. ಒಂದು ವೃತ್ತ, ಅದರೊಳಗೆ ಮನೆದೇವರ ಹೆಸರಿನ ಮೊದಲ ಅಕ್ಷರ. "ಹಾಕ್ಲಾ?" ಅಂದರು. ಹೂಂ ಅಂದೆ. ಬ್ಯಾಗಿನ ಹೊಟ್ಟೆಯ ಮೇಲೆ ಅಚ್ಚು ಇಟ್ಟು, ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ ಬಣ್ಣ ತುಂಬಿದರು. ಒಣಗಲೆಂದು ಫ್ಯಾನ್ ಹಾಕಿ ಹೋದೆವು.

ಕೊಲಂಬೊ ಹತ್ತಿರದ ಕಟುನಾಯಕೆ ನಿಲ್ದಾಣದಲ್ಲಿ ಉದ್ದದ ಬ್ಯಾಗುಗಳು ಬೆಲ್ಟಿನ ಮೇಲೆ ಬರಲಿಲ್ಲ. ಪಕ್ಕದ ಬಾಗಿಲಿನಿಂದ ಕೈಯಲ್ಲೇ ತಂದಿಟ್ಟರು. ಐದಾರು ಬ್ಯಾಗ್, ಎಲ್ಲ ಕಪ್ಪು. ನನ್ನದು ದೂರದಿಂದಲೇ ಕಂಡಿತು. ಅಲ್ಲೇ ಜಿಪ್ ತೆಗೆದು ಅಂಚು ಸವರಿದೆ, ಎರಡೂ ಮೂತಿ ನೋಡಿದೆ. ಸ್ಕ್ರೂ ಡಬ್ಬಿ ಅಲ್ಲಾಡಿಸಿದೆ. ಆಮೇಲೆ ಮನೆಗೆ ಫೋನ್ ಮಾಡಿದೆ.

"ಚೀಲ ಬಂತಾ?" ಅಂದರು ಅಪ್ಪ.

"ಬಂತು."

"ಒದ್ದೆ ಆಗಿದೆಯಾ?"

"ಇಲ್ಲಪ್ಪ, ಒಣಗಿದೆ."